ನೇಯದ ಬಟ್ಟೆಯ ಮೃದುತ್ವ

ಹಾಸು ಹೊಕ್ಕುಗಳ ಮಗ್ಗವಿಲ್ಲದೆ, ನೂಲು ತೆಗೆಯುವ ಕೆಲಸವೂ ಇಲ್ಲದೆ, ಎಳೆಗಳನ್ನೇ ಹಾಳೆಯಂತೆ ಹರಡಿ, ಶಾಖ, ನೀರಿನ ರಭಸ, ಸೂಜಿ ಅಥವಾ ಅಂಟಿನ ನೆರವಿನಿಂದ ಒಂದಕ್ಕೊಂದು ಕಚ್ಚಿಕೊಳ್ಳುವಂತೆ ಮಾಡಿದ ಬಟ್ಟೆಗೆ ನೇಯದ ಬಟ್ಟೆ ಅಥವಾ ನಾನ್‌ವೋವನ್ ಎಂದು ಹೆಸರು. ಒಮ್ಮೆ ಬಳಸಿ ಎಸೆಯುವ ಮುಟ್ಟಿನ ಪ್ಯಾಡ್, ಎಳೆಮಗುವಿನ ಡಯಾಪರ್, ಹಾಸಿಗೆ ಹಿಡಿದ ಹಿರಿಯರ ಡಯಾಪರ್, ಒದ್ದೆ ವೈಪ್ಸ್, ಇವುಗಳಲ್ಲಿ ಮೈಗೆ ತಾಗುವ ಪದರ ಸಾಮಾನ್ಯವಾಗಿ ಇದೇ. ಒಂದು ಚದರ ಮೀಟರಿಗೆ ಹತ್ತಿಪ್ಪತ್ತು ಗ್ರಾಂ ಮಾತ್ರ ತೂಗುವ ಈ ತೆಳು ಹಾಳೆ ಮೆತ್ತಗಿದೆಯೇ ಒರಟಾಗಿದೆಯೇ ಎಂಬುದರ ಮೇಲೆ ಅದನ್ನು ಧರಿಸಿದವರ ಇಡೀ ದಿನ ನಿಂತಿರುತ್ತದೆ. ಆದರೂ ಮೃದುತ್ವವನ್ನು ಜಾಹೀರಾತಿನ ಬೆಡಗೆಂದೋ ಹಣವುಳ್ಳವರ ಸೌಕರ್ಯವೆಂದೋ ತಳ್ಳಿಹಾಕುವುದು ರೂಢಿಯಾಗಿದೆ. ಮೃದುತ್ವ ಒಂದು ಆರೋಗ್ಯದ ಗುಣ, ಅಳೆಯಬಹುದಾದ ಗುಣ, ಸರ್ಕಾರಿ ಖರೀದಿಯ ಷರತ್ತಿನಲ್ಲಿ ಅಂಕಿಯಾಗಿ ಬರೆಯಬೇಕಾದ ಗುಣ ಎಂಬುದೇ ಈ ಲೇಖನದ ವಾದ.

ರೂಪ ಮತ್ತು ಹುಟ್ಟು

ಮಂಡ್ಯ ತಾಲ್ಲೂಕಿನ ದುದ್ದ ಹೋಬಳಿಯಿಂದ ಮದ್ದೂರು, ಮಳವಳ್ಳಿವರೆಗಿನ ಸೀಮೆಯಲ್ಲಿ ಈ ಬಟ್ಟೆಯನ್ನು ನೋಡದ ಮನೆಯಿಲ್ಲ. ಜವಳಿ ಅಂಗಡಿಯಲ್ಲಿ, ಮದುವೆಯ ತಾಂಬೂಲದಲ್ಲಿ ಕೊಡುವ ಬಣ್ಣದ ಕೈಚೀಲ ಇದರದ್ದೇ. ಅದನ್ನು ಬೆಳಕಿಗೆ ಹಿಡಿದು ನೋಡಿದರೆ ಮೈತುಂಬ ಒಂದೇ ಅಳತೆಯ ಸಣ್ಣ ಚುಕ್ಕಿಗಳು ಸಾಲುಸಾಲಾಗಿ ಒತ್ತಿರುವುದು ಕಾಣುತ್ತದೆ. ಚುಕ್ಕಿಯೊಳಗೆ ಎಳೆಗಳು ಕರಗಿ ಒಂದಾಗಿ ಗಾಜಿನ ಚೂರಿನಂತೆ ಮಿನುಗುತ್ತವೆ. ಚುಕ್ಕಿಚುಕ್ಕಿಯ ನಡುವೆ ಜೇಡರ ಬಲೆಯಂಥ ಬಿಡಿ ಎಳೆಗಳು ಅಡ್ಡಾದಿಡ್ಡಿ ಹಾಯ್ದಿರುತ್ತವೆ. ನೋಡಲು ಬಟ್ಟೆಯಾದರೂ ಇದು ಪಾಲಿಪ್ರಾಪಿಲೀನ್ ಎಂಬ ಪ್ಲಾಸ್ಟಿಕ್. 2021ರಲ್ಲಿ ತಿದ್ದುಪಡಿಯಾದ ಕೇಂದ್ರ ಸರ್ಕಾರದ ಪ್ಲಾಸ್ಟಿಕ್ ತ್ಯಾಜ್ಯ ನಿಯಮ ಇಂಥ ಚೀಲ ಚದರ ಮೀಟರಿಗೆ 60 ಗ್ರಾಮಿಗಿಂತ ಹಗುರವಾಗಿರಬಾರದೆಂದು ಕಟ್ಟುಮಾಡಿತು. ಪ್ಯಾಡು, ಡಯಾಪರುಗಳ ಮೇಲ್ಪದರ ಇದೇ ಕುಲದ ಬಟ್ಟೆ, ತೂಕದಲ್ಲಿ ಮಾತ್ರ ಅದರ ಮೂರನೆಯ ಒಂದು ಭಾಗ ಅಥವಾ ಅದಕ್ಕೂ ಕಡಿಮೆ. ಚೀಲವನ್ನು ತೊಡೆಗೆ ಉಜ್ಜಿ ನೋಡಿದರೆ ಮೇಲ್ಪದರವನ್ನು ಮೃದುವಾಗಿಸುವ ಕೆಲಸ ಎಷ್ಟು ದೊಡ್ಡದೆಂದು ತಿಳಿಯುತ್ತದೆ.

ಎಸೆಯುವ ಪ್ಯಾಡಿನ ಇತಿಹಾಸ ಯುದ್ಧದ ಗಾಯಪಟ್ಟಿಯಿಂದ ಶುರುವಾಗುತ್ತದೆ. ಮೊದಲ ಮಹಾಯುದ್ಧದಲ್ಲಿ ಗಾಯಕ್ಕೆ ಹಾಕಲು ತಯಾರಾದ ಮರದ ತಿರುಳಿನ ಮೆತ್ತೆಯನ್ನು ದಾದಿಯರು ಮುಟ್ಟಿನ ದಿನಗಳಲ್ಲಿ ಬಳಸಿಕೊಂಡರು. 1920ರಲ್ಲಿ ಅಮೆರಿಕದ ಕಿಂಬರ್ಲಿ ಕ್ಲಾರ್ಕ್ ಅದನ್ನೇ ಕೋಟೆಕ್ಸ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನ ಪ್ಯಾಂಪರ್ಸ್ ಡಯಾಪರ್ 1961ರಲ್ಲಿ ಬಂತು. 1980ರ ದಶಕದಲ್ಲಿ ತನ್ನ ತೂಕದ ಹತ್ತಾರು ಪಟ್ಟು ದ್ರವವನ್ನು ಹೀರಿ ಲೋಳೆಯಾಗಿ ಹಿಡಿದಿಡುವ ಸೋಡಿಯಂ ಪಾಲಿಅಕ್ರಿಲೇಟ್ ಪುಡಿ ಒಳಗೆ ಸೇರಿತು. ಇಂದಿನ ಪ್ಯಾಡಿನಲ್ಲಿ ಮುಖ್ಯವಾಗಿ ನಾಲ್ಕು ಪದರಗಳಿರುತ್ತವೆ: ಮೈಗೆ ತಾಗುವ ಮೇಲ್ಪದರ, ದ್ರವವನ್ನು ಬೇಗ ಇಳಿಸಿ ಹರಡುವ ಎರಡನೆಯ ಪದರ, ತಿರುಳು ಮತ್ತು ಹೀರುಪುಡಿಯ ಒಡಲು, ಸೋರದಂತೆ ತಡೆಯುವ ತಳದ ಪ್ಲಾಸ್ಟಿಕ್ ಹಾಳೆ. ಒಡಲು ಎಷ್ಟೇ ಸಮರ್ಥವಾಗಿರಲಿ, ಚರ್ಮಕ್ಕೆ ಪರಿಚಯವಾಗುವುದು ಮೇಲ್ಪದರ ಒಂದೇ.

ತಯಾರಿಕೆ

ಸ್ಪನ್‌ಬಾಂಡ್ ಎಂಬ ವಿಧಾನ ಹೆಚ್ಚು ಬಳಕೆಯಲ್ಲಿದೆ. ಪಾಲಿಪ್ರಾಪಿಲೀನ್ ಹರಳುಗಳನ್ನು ಕರಗಿಸಿ ಸಾವಿರಾರು ಸೂಕ್ಷ್ಮ ರಂಧ್ರಗಳ ತಟ್ಟೆಯ ಮೂಲಕ ಒತ್ತುತ್ತಾರೆ. ಒರಳಿನಿಂದ ಶ್ಯಾವಿಗೆ ಇಳಿಯುವ ಹಾಗೆ ಎಳೆಗಳು ಇಳಿಯುತ್ತವೆ. ತಣ್ಣನೆಯ ಗಾಳಿ ಅವನ್ನು ಗಟ್ಟಿಗೊಳಿಸುತ್ತಲೇ ರಭಸದಿಂದ ಕೆಳಕ್ಕೆಳೆದು ಸಪೂರ ಮಾಡುತ್ತದೆ. ಕೆಳಗೆ ಓಡುತ್ತಿರುವ ಜಾಲರಿ ಪಟ್ಟಿಯ ಮೇಲೆ ಎಳೆಗಳು ಅಸ್ತವ್ಯಸ್ತವಾಗಿ ಬಿದ್ದು ಹಾಸಾಗುತ್ತವೆ. ಆ ಹಾಸು ಬಿಸಿಯಾದ ಎರಡು ಉಕ್ಕಿನ ಉರುಳೆಗಳ ನಡುವೆ ಹಾಯುತ್ತದೆ. ಒಂದು ಉರುಳೆಯ ಮೈಮೇಲೆ ಮೊಳೆತಲೆಯಂಥ ಉಬ್ಬುಗಳಿರುವುದರಿಂದ ಅವು ಒತ್ತಿದ ಕಡೆಯಷ್ಟೇ ಎಳೆಗಳು ಕರಗಿ ಬೆಸೆಯುತ್ತವೆ. ಕೈಚೀಲದ ಚುಕ್ಕಿಗಳ ಹುಟ್ಟು ಇಲ್ಲೇ. ಎರಡನೆಯ ವಿಧಾನದಲ್ಲಿ ತುಂಡು ಎಳೆಗಳನ್ನು ಹತ್ತಿ ಹಿಂಜುವಂತೆ ಹಿಂಜಿ, ಹಾಸು ಮಾಡಿ, ಬಿಸಿಗಾಳಿಯನ್ನು ಅದರ ಒಳಗಿನಿಂದಲೇ ಹಾಯಿಸುತ್ತಾರೆ. ಮೂರನೆಯದರಲ್ಲಿ ಸೂಜಿಮೊನೆಯಂಥ ನೀರಿನ ಧಾರೆಗಳನ್ನು ಭಾರಿ ಒತ್ತಡದಲ್ಲಿ ಬಿಟ್ಟು ಎಳೆಗಳನ್ನು ಒಂದರೊಳಗೊಂದು ಹೆಣೆಯುತ್ತಾರೆ. ಕರಗಿಸುವುದಾಗಲಿ ಅಂಟಾಗಲಿ ಬೇಡದ ಈ ಮೂರನೆಯ ಬಗೆ ಹತ್ತಿಗೂ ಒಗ್ಗುತ್ತದೆ. ಒದ್ದೆ ವೈಪ್ಸ್ ಬಹುಪಾಲು ಇದರಿಂದಲೇ ತಯಾರಾಗುತ್ತವೆ.

ಮೃದುತ್ವದ ಮೂಲ

ಹಳೆಯ ಪಂಚೆ ಯಾಕೆ ಮೆತ್ತಗಿರುತ್ತದೆ ಎಂದು ಕೇಳಿಕೊಂಡರೆ ಮೃದುತ್ವದ ಗುಟ್ಟು ಸಿಗುತ್ತದೆ. ಬಾಣಂತಿ ಕೋಣೆಗೆ, ಕೂಸಿನ ಲಂಗೋಟಿಗೆ, ಮುಟ್ಟಿಗೆ ನಮ್ಮ ಮನೆಗಳು ಹೊಸ ಬಟ್ಟೆಯನ್ನು ಬಿಟ್ಟು ಹಳೆಯ ಪಂಚೆ, ಹಳೆಯ ಸೀರೆಯನ್ನೇ ಆರಿಸಿದ್ದು ಬಡತನದಿಂದ ಮಾತ್ರವಲ್ಲ. ಒಗೆದು ಒಗೆದು ಗಂಜಿ ಹೋಗಿ, ನೂಲಿನ ಬಿಗಿ ಸಡಿಲಿ, ಎಳೆಗಳು ಒಂದರ ಮೇಲೊಂದು ಜಾರಲು ಎಡೆ ಸಿಕ್ಕಾಗ ಬಟ್ಟೆ ಮೈಯ ಹೇಳಿಕೆಗೆ ಬಗ್ಗುತ್ತದೆ. ಆ ಮನೆವಾರ್ತೆಯ ತಿಳಿವಳಿಕೆಯಲ್ಲಿ ಮೃದುತ್ವದ ಮೂರು ಅಂಶಗಳೂ ಇದ್ದವು: ಬಟ್ಟೆ ಸುಲಭವಾಗಿ ಬಾಗಬೇಕು, ಒತ್ತಿದರೆ ಕುಗ್ಗಿ ಮತ್ತೆ ಏಳಬೇಕು, ಚರ್ಮದ ಮೇಲೆ ಉಜ್ಜದೆ ಜಾರಬೇಕು. ನೇಯದ ಬಟ್ಟೆಯನ್ನು ಮೃದುಗೊಳಿಸುವ ಇಂದಿನ ತಂತ್ರಗಳೆಲ್ಲ ಈ ಮೂರರ ಬೆನ್ನು ಹತ್ತಿವೆ. ವ್ಯತ್ಯಾಸವೆಂದರೆ, ಪಂಚೆಗೆ ಹತ್ತು ವರ್ಷದ ಒಗೆತ ಕೊಟ್ಟ ಗುಣವನ್ನು ನಿಮಿಷಕ್ಕೆ ನೂರಾರು ಮೀಟರ್ ಓಡುವ ಯಂತ್ರ ಒಂದೇ ಸಲಕ್ಕೆ ಕೊಡಬೇಕು.

ಬಾಗುವಿಕೆಗೆ ಎಳೆಯ ಸಪೂರತನ ಮುಖ್ಯ. ಎಳೆಯ ಬಿರುಸು ಅದರ ಅಡ್ಡಳತೆಯ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ಅಡ್ಡಳತೆಯನ್ನು ಅರ್ಧ ಮಾಡಿದರೆ ಒಂದು ಎಳೆಯ ಬಿರುಸು ಹದಿನಾರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಅದೇ ತೂಕದ ಬಟ್ಟೆಗೆ ಆಗ ನಾಲ್ಕು ಪಟ್ಟು ಎಳೆಗಳು ಬೇಕಾದರೂ, ಅವು ಒಂದಕ್ಕೊಂದು ಅಂಟದೆ ಬಿಡಿಯಾಗಿ ಬಾಗುವವರೆಗೆ ಒಟ್ಟು ಬಿರುಸು ಮೊದಲಿನ ಕಾಲುಭಾಗ ಮಾತ್ರ. ಸಾಮಾನ್ಯ ಸ್ಪನ್‌ಬಾಂಡ್ ಎಳೆಯ ಅಡ್ಡಳತೆ 15ರಿಂದ 20 ಮೈಕ್ರಾನ್. ಮಂಡ್ಯ ಜಿಲ್ಲೆಯ ರೈತರು ಸಾಕುವ ರೇಷ್ಮೆಹುಳು ಒಟ್ಟಿಗೆ ಉಗುಳುವ ಎರಡು ಎಳೆಗಳಲ್ಲಿ ಒಂದೊಂದೂ ಅದಕ್ಕಿಂತ ಸಪೂರ, ರೇಷ್ಮೆಯ ನವಿರಿಗೆ ಅದೂ ಒಂದು ಕಾರಣ. ಎರಡನೆಯ ದಾರಿ ವಸ್ತುವನ್ನೇ ಬದಲಿಸುವುದು. ಪಾಲಿಪ್ರಾಪಿಲೀನ್ ಸುಮಾರು 160 ಡಿಗ್ರಿಯಲ್ಲಿ ಕರಗುತ್ತದೆ, ಪಾಲಿಎಥಿಲೀನ್ ಅದಕ್ಕಿಂತ ಬಹಳ ಕಡಿಮೆ ಶಾಖಕ್ಕೇ ಕರಗುತ್ತದೆ, ಮೈಗೂ ಮೆತ್ತಗಿರುತ್ತದೆ. ಒಳಗೆ ಗಟ್ಟಿ ಎಳೆ, ಹೊರಗೆ ಪಾಲಿಎಥಿಲೀನಿನ ಕವಚ ಇರುವ ಜೋಡಿ ಎಳೆ ಮಾಡಿ ಬಿಸಿಗಾಳಿ ಹಾಯಿಸಿದರೆ ಎಳೆ ಎಳೆಯನ್ನು ದಾಟುವ ಕಡೆ ಮಾತ್ರ ಕವಚ ಕರಗಿ ಅಂಟುತ್ತದೆ, ಉಳಿದ ಮೈ ಉಬ್ಬಿಕೊಂಡೇ ಇರುತ್ತದೆ. ಎರಡು ಪ್ಲಾಸ್ಟಿಕ್‌ಗಳನ್ನು ಅಕ್ಕಪಕ್ಕ ಸೇರಿಸಿದ ಎಳೆಯಾದರೆ ತಣಿಯುವಾಗ ಒಂದು ಪಕ್ಕ ಹೆಚ್ಚು ಕುಗ್ಗಿ, ಎಳೆ ಗುಂಗುರು ಕೂದಲಿನಂತೆ ಸುರುಳಿಯಾಗಿ ಬಟ್ಟೆಗೆ ಹತ್ತಿಯ ಉಬ್ಬು ಬರುತ್ತದೆ. ಜಾರುವಿಕೆಗಾಗಿ ಎರುಕಮೈಡ್‌ನಂಥ ಮೇಣದ ಗುಣದ ವಸ್ತುವನ್ನು ಕರಗಿದ ಪ್ಲಾಸ್ಟಿಕ್‌ಗೆ ಸ್ವಲ್ಪ ಸೇರಿಸುತ್ತಾರೆ. ಅದು ಕಾಲಕ್ರಮದಲ್ಲಿ ಎಳೆಯ ಮೈಗೆ ಜಿನುಗಿ ಘರ್ಷಣೆಯನ್ನು ತಗ್ಗಿಸುತ್ತದೆ.

ಮೃದುವಾದರೆ ಬಟ್ಟೆ ಸಡಿಲವಾಗುತ್ತದೆ, ಹರಿಯುತ್ತದೆ ಎಂಬುದು ತಯಾರಕರ ಮೊದಲ ಆಕ್ಷೇಪ. ಅದರಲ್ಲಿ ಹುರುಳಿದೆ. ಬೆಸುಗೆಯ ಚುಕ್ಕಿಗಳನ್ನು ಕಡಿಮೆ ಮಾಡಿದಷ್ಟೂ ಎಳೆಗಳಿಗೆ ಸ್ವಾತಂತ್ರ್ಯ ಹೆಚ್ಚುತ್ತದೆ; ಜೊತೆಗೆ ಬಿಡಿ ಎಳೆಗಳ ತುದಿಗಳು ಎದ್ದು ಬಟ್ಟೆ ಜುಂಗು ಬಿಡುತ್ತದೆ, ಯಂತ್ರದ ಎಳೆತಕ್ಕೆ ಅಗಲ ಕುಗ್ಗುತ್ತದೆ. ಎದ್ದ ಜುಂಗು ಒದ್ದೆ ಚರ್ಮಕ್ಕೆ ಅಂಟಿದರೆ ಮೃದುಗೊಳಿಸಿದ್ದೇ ವ್ಯರ್ಥ. ಆದರೆ ಇದು ಬಿಡಿಸಲಾಗದ ಕಗ್ಗಂಟೇನೂ ಅಲ್ಲ. ಬೆಸುಗೆಯ ಒಟ್ಟು ಪ್ರಮಾಣವನ್ನು ಉಳಿಸಿಕೊಂಡೇ ಚುಕ್ಕಿಗಳ ಆಕಾರ ಮತ್ತು ಅಂತರ ಬದಲಿಸಬಹುದು. ಸಪೂರ ಎಳೆಗಳು ಸಂಖ್ಯೆಯಲ್ಲಿ ಹೆಚ್ಚಿರುವುದರಿಂದ ಪ್ರತಿ ಚುಕ್ಕಿಯಲ್ಲೂ ಹೆಚ್ಚು ಎಳೆಗಳು ಸಿಕ್ಕಿಕೊಂಡು ಬಲ ಉಳಿಯುತ್ತದೆ. ಜೋಡಿ ಎಳೆಯಲ್ಲಿ ಬಲವನ್ನು ತಿರುಳೂ ನವಿರನ್ನು ಕವಚವೂ ಹಂಚಿಕೊಳ್ಳುತ್ತವೆ. ಎಷ್ಟು ಬಲ ಸಾಕು ಎಂಬುದನ್ನು ಮೊದಲು ನಿಗದಿ ಮಾಡಿ, ಆ ಗೆರೆ ದಾಟಿದ ಮೇಲಿನ ಅವಕಾಶವನ್ನೆಲ್ಲ ಮೃದುತ್ವಕ್ಕೆ ಬಿಡುವುದು ವಿವೇಕ.

ಅಳತೆ

ಮೃದುತ್ವ ಅವರವರ ಅನುಭವ, ಅದನ್ನು ನಿಯಮದಲ್ಲಿ ಬರೆಯುವುದು ಹೇಗೆ ಎಂಬುದು ಎರಡನೆಯ ಆಕ್ಷೇಪ. ಇದಕ್ಕೆ ಉತ್ತರ ಸುಮಾರು ಒಂದು ಶತಮಾನದಷ್ಟು ಹಳೆಯದು. ಮ್ಯಾಂಚೆಸ್ಟರಿನ ಹತ್ತಿ ಸಂಶೋಧನಾ ಸಂಸ್ಥೆಯಲ್ಲಿದ್ದ ಎಫ್. ಟಿ. ಪಿಯರ್ಸ್ 1930ರಲ್ಲಿ ಬಟ್ಟೆಯ ಕೈಹಿಡಿತವನ್ನು ಅಳೆಯಬಹುದೆಂದು ತೋರಿಸಿದರು. ಅವರ ಉಪಾಯ ಶಾಲೆಯ ಮಕ್ಕಳೂ ಮಾಡಿ ನೋಡುವಷ್ಟು ಸರಳ. ಬಟ್ಟೆಯ ಪಟ್ಟಿಯೊಂದನ್ನು ಮೇಜಿನ ಅಂಚಿನಿಂದ ಮೆಲ್ಲಗೆ ಮುಂದಕ್ಕೆ ಸರಿಸುತ್ತಾ ಹೋಗಬೇಕು. ತನ್ನ ಭಾರಕ್ಕೇ ಅದು ಬಾಗಿ, ತುದಿ ಒಂದು ನಿಶ್ಚಿತ ಕೋನಕ್ಕೆ, ಅಂದರೆ ಸುಮಾರು 41.5 ಡಿಗ್ರಿಗೆ ಇಳಿದಾಗ ಎಷ್ಟು ಉದ್ದ ಹೊರಚಾಚಿದೆ ಎಂದು ನೋಡಬೇಕು. ಬಿರುಸು ಬಟ್ಟೆ ದೂರ ಚಾಚುತ್ತದೆ, ಮೆತ್ತನೆಯದು ಬೇಗ ತಲೆಬಾಗುತ್ತದೆ. 1970ರ ದಶಕದಲ್ಲಿ ಕ್ಯೋಟೋ ವಿಶ್ವವಿದ್ಯಾಲಯದ ಸುಯೇಓ ಕವಾಬಾಟ ಬಾಗುವಿಕೆ, ಕುಗ್ಗುವಿಕೆ, ಎಳೆತ, ಮೇಲ್ಮೈ ಘರ್ಷಣೆ ಎಲ್ಲವನ್ನೂ ಅಳೆದು, ಅನುಭವಿಗಳ ಬೆರಳಿನ ತೀರ್ಪಿಗೆ ಹೊಂದಿಸುವ ಉಪಕರಣಗಳನ್ನು ರೂಪಿಸಿದರು. ಅನ್ನ ಬೆಂದಿದೆಯೇ ಎಂಬುದೂ ಬೆರಳಿನ ತೀರ್ಪೇ. ಅದರಿಂದ ಹದ ಎಂಬುದು ಇಲ್ಲವೆಂದಾಗುವುದಿಲ್ಲ. ಹತ್ತಾರು ಬೆರಳುಗಳು ಒಪ್ಪುವ ತೀರ್ಪಿಗೆ ಅಂಕಿಯ ಆಧಾರ ಕೊಡುವುದೇ ವಿಜ್ಞಾನದ ಕೆಲಸ.

ಒದ್ದೆಯಲ್ಲಿ ಮೃದುತ್ವ

ಅಂಗಡಿಯಲ್ಲಿ ಬೆರಳಿನಿಂದ ಸವರಿ ನೋಡುವುದು ಒಣ ಬಟ್ಟೆಯನ್ನು. ಮೈ ಅನುಭವಿಸುವುದು ಬೆವರು, ದ್ರವ, ಒತ್ತಡ, ನಡಿಗೆಯ ನಡುವೆ ಗಂಟೆಗಟ್ಟಲೆ ಇರುವ ಬಟ್ಟೆಯನ್ನು. ಒದ್ದೆಯಾದ ಚರ್ಮ ಊದಿಕೊಂಡು ಮಿದುವಾಗುತ್ತದೆ, ಅದರ ಮೇಲೆ ಬಟ್ಟೆಯ ಘರ್ಷಣೆ ಒಣ ಚರ್ಮಕ್ಕಿಂತ ಬಹಳ ಹೆಚ್ಚು. ಮಗುವಿನ ಡಯಾಪರ್ ದದ್ದಿಗೆ ಒದ್ದೆ, ಉಜ್ಜಾಟ, ಮೂತ್ರದ ಯೂರಿಯಾ ಒಡೆದು ಚರ್ಮದ ಆಮ್ಲೀಯತೆ ತಗ್ಗುವುದು, ಮಲದ ಕಿಣ್ವಗಳು ಎಲ್ಲವೂ ಸೇರಿ ಕಾರಣವಾಗುತ್ತವೆ. ಹಾಗಾಗಿ ಮೇಲ್ಪದರದ ನಿಜವಾದ ಪರೀಕ್ಷೆ ಎರಡು ಪ್ರಶ್ನೆಗಳದ್ದು: ದ್ರವ ಎಷ್ಟು ಬೇಗ ಕೆಳಗಿಳಿಯಿತು? ಒತ್ತಿದಾಗ ಎಷ್ಟು ಮೇಲಕ್ಕೆ ಮರಳಿ ಬಂತು? ಪಾಲಿಪ್ರಾಪಿಲೀನ್ ಸ್ವಭಾವತಃ ಕೆಸುವಿನ ಎಲೆಯಂತೆ ನೀರನ್ನು ಒಲ್ಲದು. ಅದಕ್ಕೆ ನೀರನ್ನು ಸೇರಿಸಿಕೊಳ್ಳುವ ಲೇಪ ಕೊಡುತ್ತಾರೆ. ಕಳಪೆ ಲೇಪ ಮೊದಲ ಸಲದ ಒದ್ದೆಗೇ ತೊಳೆದುಹೋಗಿ, ಎರಡನೆಯ ಸಲ ದ್ರವ ಮೇಲೆಯೇ ನಿಲ್ಲುತ್ತದೆ. ಬೆಳಿಗ್ಗೆ ನುಣುಪಾಗಿದ್ದ ಪ್ಯಾಡು ಮಧ್ಯಾಹ್ನಕ್ಕೆ ಉರಿ ತರಿಸುವುದಕ್ಕೆ ಇದೂ ಒಂದು ಕಾರಣ.

ಈ ಮಾತು ದುದ್ದದಂಥ ಊರಿಗೆ ಹೆಚ್ಚು ಅನ್ವಯಿಸುತ್ತದೆ. ತಂಪು ಕೋಣೆಯ ಕುರ್ಚಿಯ ಮೇಲೆ ದಿನ ಕಳೆಯುವವರಿಗೂ, ಗದ್ದೆಯಲ್ಲಿ ಸೊಂಟ ಬಗ್ಗಿಸಿ ನಾಟಿ ಹಾಕುವ, ಕಳೆ ಕೀಳುವ, ಕಬ್ಬಿನ ಸೋಗೆ ಹೊರುವ ಹೆಂಗಸರಿಗೂ ಪ್ಯಾಡು ಒಂದೇ ಆದರೂ ಉಜ್ಜಾಟ ಒಂದೇ ಅಲ್ಲ. ಬಿಸಿಲಲ್ಲಿ ಬೆವರಿನ ಉಪ್ಪು ಸೇರಿ ತೊಡೆಸಂದು ಸುಲಿದರೆ ಮರುದಿನದ ಕೂಲಿಗೆ ಹೋಗುವುದೇ ಕಷ್ಟ. ನಡೆದು ಶಾಲೆಗೆ ಹೋಗುವ, ಬಸ್ಸಿನಲ್ಲಿ ನಿಂತು ಮಂಡ್ಯದ ಕಾಲೇಜಿಗೆ ಬರುವ ಹುಡುಗಿಯರದ್ದೂ ಇದೇ ಪಾಡು. ಬದಲಿಸಲು ನೀರು, ಬಾಗಿಲಿರುವ ಶೌಚಾಲಯ ಹತ್ತಿರದಲ್ಲಿ ಇಲ್ಲದಾಗ ಒಂದೇ ಪ್ಯಾಡು ಹೆಚ್ಚು ಹೊತ್ತು ಮೈಮೇಲಿರುತ್ತದೆ. ದುಡಿಮೆ ಕಠಿಣವಾದಷ್ಟೂ, ಸೌಕರ್ಯ ಕಡಿಮೆಯಾದಷ್ಟೂ ಮೃದುತ್ವದ ಅಗತ್ಯ ಏರುತ್ತದೆ. ಅದನ್ನು ಶ್ರೀಮಂತರ ಬಯಕೆಯ ಪಟ್ಟಿಗೆ ಸೇರಿಸುವುದು ಲೆಕ್ಕವನ್ನು ತಲೆಕೆಳಗಾಗಿಸಿದಂತೆ.

ಅಗ್ಗ ಮತ್ತು ಮೃದು

ಮೊದಲು ಎಲ್ಲರಿಗೂ ಸಿಗಲಿ, ಮೃದುತ್ವ ಆಮೇಲೆ ನೋಡೋಣ ಎಂಬುದು ಮೂರನೆಯ ಆಕ್ಷೇಪ, ಮತ್ತು ಸದುದ್ದೇಶದ ಆಕ್ಷೇಪ. ಎಲ್ಲರಿಗೂ ತಲುಪಿಸುವ ಕೆಲಸ ನಡೆದೂ ಇದೆ. ಕೊಯಮತ್ತೂರಿನ ಅರುಣಾಚಲಂ ಮುರುಗಾನಂದಂ ಹಳ್ಳಿಯ ಮಹಿಳಾ ಸಂಘಗಳೇ ನಡೆಸಬಹುದಾದ ಅಗ್ಗದ ಪ್ಯಾಡ್ ಯಂತ್ರ ರೂಪಿಸಿದರು. ಕರ್ನಾಟಕ ಸರ್ಕಾರದ ಶುಚಿ ಯೋಜನೆ 2013–14ರಲ್ಲಿ ಶುರುವಾಗಿ, ಹದಿಹರೆಯದ ಹುಡುಗಿಯರಿಗೆ ಶಾಲೆ ಮತ್ತು ಆರೋಗ್ಯ ಕಾರ್ಯಕರ್ತೆಯರ ಮೂಲಕ ಉಚಿತ ಪ್ಯಾಡುಗಳನ್ನು ಕೊಡತೊಡಗಿತು. ಕೆಲವು ವರ್ಷ ಖರೀದಿ ನಿಂತು, 2024ರಲ್ಲಿ ಮತ್ತೆ ಚಾಲನೆ ಪಡೆದಾಗ ಫಲಾನುಭವಿಗಳ ಸಂಖ್ಯೆ ಸುಮಾರು 19 ಲಕ್ಷ. ಕೇಂದ್ರ ಸರ್ಕಾರ 2018ರ ಜುಲೈನಲ್ಲಿ ಪ್ಯಾಡುಗಳ ಮೇಲಿನ ಜಿಎಸ್‌ಟಿಯನ್ನು ತೆಗೆಯಿತು. ಜನೌಷಧಿ ಕೇಂದ್ರಗಳ ಸುವಿಧಾ ಪ್ಯಾಡ್ 2019ರಿಂದ ಒಂದು ರೂಪಾಯಿಗೆ ಸಿಗುತ್ತಿದೆ. ಇಷ್ಟು ದೊಡ್ಡ ಪ್ರಮಾಣದ ಖರೀದಿಯಲ್ಲಿ ದರವೇ ದೊಡ್ಡ ಮಾತಾಗುವುದು ಸಹಜ.

ಆದರೆ ಕೊಟ್ಟದ್ದು ಬಳಕೆಯಾಗದಿದ್ದರೆ ಅಗ್ಗ ಎಂಬುದಕ್ಕೆ ಅರ್ಥವಿಲ್ಲ. ಉರಿ ತರಿಸುವ ಪ್ಯಾಡನ್ನು ಹುಡುಗಿ ಒಂದೆರಡು ತಿಂಗಳು ನೋಡಿ ಮೂಲೆಗಿಟ್ಟರೆ ಸರ್ಕಾರದ ಪ್ರತಿ ರೂಪಾಯಿಯೂ ನಷ್ಟ. ಅನಿವಾರ್ಯವಾಗಿ ಬಳಸಿದರೆ ಚರ್ಮಕ್ಕೆ ನಷ್ಟ. ಇಡೀ ಪ್ಯಾಡಿನ ತೂಕದಲ್ಲಿ ಮೇಲ್ಪದರದ ಪಾಲು ಅತ್ಯಲ್ಪ. ತಿರುಳು, ಹೀರುಪುಡಿ, ಅಂಟು, ಸಾಗಣೆ ಇವುಗಳ ನಡುವೆ ಒಳ್ಳೆಯ ಮೇಲ್ಪದರಕ್ಕೆ ಬೀಳುವ ಹೆಚ್ಚುವರಿ ಖರ್ಚು ಅದರಿಂದ ಸಿಗುವ ಗುಣಕ್ಕೆ ಹೋಲಿಸಿದರೆ ಚಿಕ್ಕದು. ಭಾರತೀಯ ಮಾನಕ ಸಂಸ್ಥೆ ಸ್ಯಾನಿಟರಿ ನ್ಯಾಪ್ಕಿನ್‌ಗೆ ಐಎಸ್ 5405 ಎಂಬ ಮಾನಕವನ್ನು 1969ರಲ್ಲೇ ತಂದು, 1980ರಲ್ಲೂ 2019ರಲ್ಲೂ ಪರಿಷ್ಕರಿಸಿದೆ. ಪ್ಯಾಡಿನ ಮೇಲೆ ದ್ರವ ಹರಿಸಿ, ತೂಕವಿಟ್ಟು, ಸೋರುತ್ತದೆಯೇ ಎಂದು ನೋಡುವ ಕಟ್ಟುನಿಟ್ಟು ಹೀರುವಿಕೆಗಿದೆ. ಅದೇ ಕಟ್ಟುನಿಟ್ಟು ಮೃದುತ್ವಕ್ಕೂ ಸಲ್ಲಬೇಕು. ಸೋರದ ಪ್ಯಾಡು ಬಟ್ಟೆಯ ಮಾನ ಕಾಯುತ್ತದೆ, ಮೆತ್ತನೆಯ ಪ್ಯಾಡು ಮೈಯ ಆರೋಗ್ಯ ಕಾಯುತ್ತದೆ. ಎರಡರಲ್ಲಿ ಒಂದನ್ನು ಮಾತ್ರ ಅಳೆದು ಸುಮ್ಮನಾಗುವುದು ಅರ್ಧ ಕೆಲಸ.

ಬೇರೆ ದಾರಿಗಳು

ಎಸೆಯುವ ವಸ್ತುವನ್ನು ಸುಧಾರಿಸುವ ಬದಲು ಬಟ್ಟೆಗೆ ಮರಳೋಣ, ಮುಟ್ಟಿನ ಕಪ್ ಬಳಸೋಣ ಎಂಬ ಮಾತು ತೂಕದ್ದು. ಕರ್ನಾಟಕ ಸರ್ಕಾರವೇ 2022ರಲ್ಲಿ ಮೈತ್ರಿ ಎಂಬ ಹೆಸರಿನಲ್ಲಿ ದಕ್ಷಿಣ ಕನ್ನಡ ಮತ್ತು ಚಾಮರಾಜನಗರ ಜಿಲ್ಲೆಗಳಲ್ಲಿ ಕಪ್ ವಿತರಣೆಯ ಪ್ರಯೋಗ ಕೈಗೊಂಡಿತು. ಒಗೆದು ಬಳಸುವ ಪ್ಯಾಡಿಗೂ 2021ರಲ್ಲಿ ಪ್ರತ್ಯೇಕ ಭಾರತೀಯ ಮಾನಕ ಬಂದಿದೆ. ಒಪ್ಪುವವರು ಒಪ್ಪುವ ಕಡೆ ಇವು ಬೆಳೆಯಲಿ. ಆದರೆ ಬಟ್ಟೆಯನ್ನು ಚೆನ್ನಾಗಿ ಒಗೆಯಲು ನೀರು, ಬಿಸಿಲಿಗೆ ಹರವಲು ಸಂಕೋಚವಿಲ್ಲದ ಜಾಗ ಬೇಕು. ಸೀರೆಯ ಮರೆಯಲ್ಲಿ ನೆರಳಿಗೆ ಒಣಗಿದ ಬಟ್ಟೆ ಪೂರ್ತಿ ಒಣಗುವುದಿಲ್ಲ, ಗಡುಸಾಗುತ್ತದೆ, ವಾಸನೆ ಹಿಡಿಯುತ್ತದೆ. ಕಪ್ ಬಳಕೆಗೆ ತಿಳಿವಳಿಕೆ, ಸಮಯ, ಮನೆಯವರ ಒಪ್ಪಿಗೆ ಬೇಕು. ಹೆರಿಗೆ ವಾರ್ಡಿನ ಬಾಣಂತಿಗೆ, ಪಾರ್ಶ್ವವಾಯುವಿನಿಂದ ಮಲಗಿದ ಅಜ್ಜನಿಗೆ, ಅಜ್ಜನನ್ನು ನೋಡಿಕೊಳ್ಳುವ ಒಬ್ಬಳೇ ಸೊಸೆಗೆ ಎಸೆಯುವ ವಸ್ತುವೇ ಆಸರೆ. ಹೊರಳಲಾಗದ ಹಿರಿಯರ ಚರ್ಮ ಕಾಗದದಷ್ಟು ತೆಳ್ಳಗಾಗಿರುತ್ತದೆ. ಒರಟು ಅಂಚೊಂದು ಉಜ್ಜಿದರೆ ಹುಣ್ಣಿಗೆ ದಾರಿಯಾಗುತ್ತದೆ. ಬೇರೆ ದಾರಿಗಳಿವೆ ಎಂಬ ಕಾರಣಕ್ಕೆ ಈ ದಾರಿಯನ್ನು ಕಲ್ಲುಮುಳ್ಳಿಗೆ ಬಿಡಲಾಗದು.

ಎಸೆದ ಮೇಲೆ

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಗಂಭೀರ: ಮೃದುತ್ವದ ಹೆಸರಿನಲ್ಲಿ ಇನ್ನಷ್ಟು ಪ್ಲಾಸ್ಟಿಕ್ ಸೇರುತ್ತದೆ, ಅದು ನಾಲೆಗೆ, ಕೆರೆಯಂಗಳಕ್ಕೆ ಬೀಳುತ್ತದೆ. ಬಳಸಿದ ಪ್ಯಾಡನ್ನು ಸುತ್ತಿ ಪ್ರತ್ಯೇಕವಾಗಿ ಕೊಡಬೇಕು, ಸುತ್ತಲು ಬೇಕಾದ ಚೀಲವನ್ನು ತಯಾರಕರೇ ಒದಗಿಸಬೇಕು ಎಂದು 2016ರ ಘನತ್ಯಾಜ್ಯ ನಿಯಮ ಹೇಳಿತು. ಬೆಂಗಳೂರಿನಲ್ಲಿ ಕಾಗದದಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಕೊಡುವ ರೂಢಿಯನ್ನು ಬೆಳೆಸಿದ್ದು ಪೌರಕಾರ್ಮಿಕರ ಕೈಗಳ ಕಾಳಜಿಯಿಂದ. ಹಳ್ಳಿಗಳಲ್ಲಿ ಆ ಸಂಗ್ರಹದ ಸರಪಳಿ ಇನ್ನೂ ಬಿಗಿಯಾಗಬೇಕಾಗಿದೆ, ಮತ್ತು ಬಟ್ಟೆ ಒರಟಾಗಿದ್ದರೆ ಆ ಸಮಸ್ಯೆ ಕರಗುವುದಿಲ್ಲ. ಸಪೂರ ಎಳೆಯ ಬಟ್ಟೆ ಕಡಿಮೆ ತೂಕದಲ್ಲೇ ಮೈಯನ್ನು ಸಮವಾಗಿ ಮುಚ್ಚುವುದರಿಂದ, ಸರಿಯಾಗಿ ಮಾಡಿದರೆ ಮೃದುತ್ವದೊಂದಿಗೆ ಪ್ಲಾಸ್ಟಿಕ್ ಕಡಿಮೆಯೂ ಆಗಬಲ್ಲದು.

ಇಲ್ಲಿ ಕಬ್ಬಿನ ಸೀಮೆಗೆ ಸಂಬಂಧಪಟ್ಟ ಒಂದು ಸಾಧ್ಯತೆ ಇದೆ. ಸಕ್ಕರೆಯನ್ನು ಹುದುಗಿಸಿ ಲ್ಯಾಕ್ಟಿಕ್ ಆಮ್ಲ ಮಾಡಿ, ಅದರಿಂದ ಪಾಲಿಲ್ಯಾಕ್ಟಿಕ್ ಆಮ್ಲ ಎಂಬ ಜೈವಿಕ ಪ್ಲಾಸ್ಟಿಕ್ ತಯಾರಿಸಬಹುದು, ಅದನ್ನು ಸ್ಪನ್‌ಬಾಂಡ್ ಬಟ್ಟೆಯಾಗಿಯೂ ಮಾಡಬಹುದು. ಉತ್ತರ ಪ್ರದೇಶದ ಬಲರಾಂಪುರ ಚೀನಿ ಮಿಲ್ಸ್ ಅಂಥ ಕಾರ್ಖಾನೆ ಕಟ್ಟುವುದಾಗಿ 2024ರಲ್ಲಿ ಪ್ರಕಟಿಸಿತು. 1933ರಲ್ಲಿ ಮೈಷುಗರ್ ಸಕ್ಕರೆ ಕಂಪನಿ ಸ್ಥಾಪನೆಯಾದ ಮಂಡ್ಯಕ್ಕೆ ಇದು ಪರಕೀಯ ವಿದ್ಯೆಯಲ್ಲ. ಬೆಳಗೊಳದ ಮಂಡ್ಯ ನ್ಯಾಷನಲ್ ಪೇಪರ್ ಮಿಲ್ಸ್ ಒಂದು ಕಾಲಕ್ಕೆ ಕಬ್ಬಿನ ಸಿಪ್ಪೆಯಿಂದ ಕಾಗದ ಮಾಡಿತ್ತು. ಆದರೆ ಆಸೆಯ ಜೊತೆ ಎಚ್ಚರವೂ ಬೇಕು. ಕಬ್ಬಿನ ಸಿಪ್ಪೆಯ ನಾರು ಸರಾಸರಿ ಒಂದೂವರೆ ಮಿಲಿಮೀಟರಿನ ಒಳಗೆ, ಪ್ಯಾಡಿನ ತಿರುಳಿಗೆ ಬಳಸುವ ಪೈನ್ ಮರದ ನಾರು ಅದರ ಸುಮಾರು ಎರಡು ಪಟ್ಟು. ಗಿಡ್ಡ ನಾರಿನ ಮೆತ್ತೆ ಉಬ್ಬು ಕಳೆದುಕೊಂಡು ಬೇಗ ಗಟ್ಟಿಯಾಗುತ್ತದೆ. ಬಾಳೆನಾರು, ಅದನ್ನು ಬಿರುಸಾಗಿಸುವ ಲಿಗ್ನಿನ್ ಎಂಬ ಅಂಶವನ್ನು ತೆಗೆಯದೆ ಮೈಗೆ ಒಗ್ಗದು. ಪಾಲಿಲ್ಯಾಕ್ಟಿಕ್ ಆಮ್ಲದ ಎಳೆ ಪಾಲಿಪ್ರಾಪಿಲೀನಿಗಿಂತ ಬಿರುಸು, ಮತ್ತು ಅದು ಬೇಗ ಕೊಳೆಯಲು ಸುಮಾರು 60 ಡಿಗ್ರಿ ಶಾಖದ ಗೊಬ್ಬರ ಘಟಕ ಬೇಕು, ಮನೆಯ ತಿಪ್ಪೆ ಸಾಲದು. ಮಣ್ಣಿಗೆ ಒಳ್ಳೆಯದು ಎಂಬ ಚೀಟಿ ಹಚ್ಚಿದ ಮಾತ್ರಕ್ಕೆ ಮೈಗೆ ಒಳ್ಳೆಯದಾಗುವುದಿಲ್ಲ. ಜೈವಿಕ ಎಳೆಯನ್ನು ಮೃದುಗೊಳಿಸುವ ಸಂಶೋಧನೆಯೇ ಇಂದು ಎಲ್ಲಕ್ಕಿಂತ ತುರ್ತಿನದು, ಯಾಕೆಂದರೆ ಒರಟಾದ ಹಸಿರು ಪ್ಯಾಡನ್ನು ತಿರಸ್ಕರಿಸಿದ ಹುಡುಗಿ ಮತ್ತೆ ಪ್ಲಾಸ್ಟಿಕ್ಕಿಗೇ ಹೋಗುತ್ತಾಳೆ.

ಪರೀಕ್ಷೆಗೆ ಬೇಕಾದ ಸಂಸ್ಥೆಗಳು ದೂರವಿಲ್ಲ. ಬೆಳಗಾವಿಯ ಗಡಿಯಾಚೆ ಇಚಲಕರಂಜಿಯ ಡಿಕೆಟಿಇ ವಿದ್ಯಾಸಂಸ್ಥೆ ನೇಯದ ಬಟ್ಟೆಗೂ, ಕೊಯಮತ್ತೂರಿನ ಜವಳಿ ಸಂಶೋಧನಾ ಸಂಸ್ಥೆ ಸಿಟ್ರಾ ವೈದ್ಯಕೀಯ ಜವಳಿಗೂ ಮೀಸಲಾದ ಉತ್ಕೃಷ್ಟತಾ ಕೇಂದ್ರಗಳನ್ನು ನಡೆಸುತ್ತಿವೆ. ಶುಚಿಯಂಥ ಯೋಜನೆಯ ಟೆಂಡರಿಗೆ ನಾಲ್ಕು ಸಾಲು ಸೇರಿಸಿದರೆ ಸಾಕು: ಮೇಲ್ಪದರದ ಬಾಗುವ ಉದ್ದಕ್ಕೆ ಒಂದು ಮಿತಿ, ಒಮ್ಮೆ ಒದ್ದೆಯಾದ ಮೇಲಿನ ಘರ್ಷಣೆಗೆ ಒಂದು ಮಿತಿ, ಮೂರು ಸಲ ದ್ರವ ಹರಿಸಿದ ಮೇಲೂ ಒತ್ತಿದಾಗ ಮರಳಿ ಬರುವ ಪ್ರಮಾಣಕ್ಕೆ ಒಂದು ಮಿತಿ, ಖರೀದಿಗೆ ಮುನ್ನ ಹಳ್ಳಿ ಶಾಲೆಗಳ ಹುಡುಗಿಯರೂ ಹೊಲದಲ್ಲಿ ದುಡಿಯುವ ಹೆಂಗಸರೂ ಬಳಸಿ ಹೇಳಿದ ಅಭಿಪ್ರಾಯ. ಟೆಂಡರಿನಲ್ಲಿ ಇಲ್ಲದ ಗುಣಕ್ಕೆ ದರ ಕಟ್ಟುವವರಿಲ್ಲ. 19 ಲಕ್ಷ ಹುಡುಗಿಯರಿಗೆ ಕೊಳ್ಳುವ ಕೈ ಕೇಳಿದ್ದನ್ನು ಯಂತ್ರ ಖಂಡಿತ ಮಾಡಿಕೊಡುತ್ತದೆ. ಸಪೂರ ಎಳೆಯನ್ನು ಇಳಿಸುವ ವಿದ್ಯೆ ಅದಕ್ಕೆ ಆಗಲೇ ಬಂದಿದೆ.